ಬಣ್ಣ ಹಚ್ಚಿಸೀರಿ, ಗಾಲಿ ಬಿಚ್ಚಿ ನೋಡೀರೇನು? ಕಬ್ಬಿನ ಟ್ರೇಲರ್ ಬೇರಿಂಗ್‌ಗೆ ಗ್ರೀಸ್ ಹಾಕುವ ಸರಿಯಾದ ಕ್ರಮ

ಬಾಗಲಕೋಟೆ: ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರ್ ಪ್ರದೀಪನದ ಸುದ್ದಿ ಬರುವ ಹೊತ್ತಿಗೆ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿ ಕಡೆಯ ಗ್ಯಾರೇಜ್‌ಗಳ ಮುಂದೆ ಟ್ರೇಲರ್‌ಗಳ ಸಾಲು ಶುರುವಾಗುತ್ತದೆ. ಒಡೆದ ಹಲಗೆಗೆ ವೆಲ್ಡಿಂಗ್, ಹಳೇ ಬಣ್ಣದ ಮೇಲೆ ಹೊಸ ಬಣ್ಣ, ಹಿಂದಿನ ಫಾಲ್ಕಿಯ ಮೇಲೆ ದೇವರ ಹೆಸರು, ಅದರ ಕೆಳಗೆ ಒಂದು ಡೈಲಾಗ್. ಟ್ರ್ಯಾಕ್ಟರ್‌ಗೆ ಹೊಸ ಸೌಂಡ್ ಬಾಕ್ಸ್. ಇಷ್ಟಕ್ಕೆಲ್ಲ ರೊಕ್ಕ ಹೊಂದಿಸುವ ಮಾಲೀಕರು ಗಾಲಿಯ ವಿಷಯಕ್ಕೆ ಬಂದಾಗ ಮಾತ್ರ ‘ನಾಕ್ ಸಲ ಗ್ರೀಸ್ ಹೊಡಿ, ಸಾಕು’ ಎಂದುಬಿಡುತ್ತಾರೆ.

ಆ ನಾಲ್ಕು ಸಲದ ಗ್ರೀಸ್ ಗನ್ ಹೊಡೆತದಿಂದ ಬೇರಿಂಗ್ ಉಳಿಯುವುದಿಲ್ಲ. ವರ್ಷಕ್ಕೊಮ್ಮೆ, ಹಂಗಾಮು ಶುರುವಾಗುವ ಮುಂಚೆ, ಪ್ರತಿ ಗಾಲಿಯ ಹಬ್ ಬಿಚ್ಚಿ, ತೊಳೆದು, ನೋಡಿ, ಹೊಸ ಗ್ರೀಸ್ ತುಂಬಿ, ನಟ್ ಸರಿಯಾಗಿ ಕಟ್ಟಬೇಕು. ನಾಲ್ಕು ಗಾಲಿಯ ಒಂದು ಟ್ರೇಲರ್‌ನಲ್ಲಿ 8 ಬೇರಿಂಗ್ ಇರುತ್ತವೆ. ಜೋಡಿ ಟ್ರೇಲರ್ ಆದರೆ 16. ಒಬ್ಬ ಕೆಲಸ ಬಲ್ಲವ, ಒಬ್ಬ ಹುಡುಗ ಸೇರಿದರೆ ಒಂದೆರಡು ದಿನದಲ್ಲಿ ಮುಗಿಯುವ ಕೆಲಸ. ಬಿಟ್ಟರೆ ಅದು ಮುಗಿಯುವುದು ರಾತ್ರಿ ಹೊತ್ತು, ರಸ್ತೆ ನಡುವೆ, ಕಬ್ಬು ತುಂಬಿದ ಗಾಡಿ ಒಂದು ಬದಿಗೆ ಕುಸಿದು ಕೂತಾಗ.

ಹಬ್ ಒಳಗೆ ಇರೋದೇನು?

ಗಾಲಿ ಎಕ್ಸಲ್ ಮೇಲೆ ನೇರವಾಗಿ ತಿರುಗುವುದಿಲ್ಲ. ಗಾಲಿಯನ್ನು ಹಿಡಿದ ಹಬ್ ಮತ್ತು ಎಕ್ಸಲ್‌ನ ತುದಿಯ ನಡುವೆ ಎರಡು ಬೇರಿಂಗ್ ಇರುತ್ತವೆ. ಚಾಸಿ ಕಡೆಗೆ ಇರುವ ಒಳಗಿನದು ಸಾಮಾನ್ಯವಾಗಿ ದೊಡ್ಡದು, ಕ್ಯಾಪ್ ಕಡೆಗೆ ಇರುವ ಹೊರಗಿನದು ಸಣ್ಣದು. ಪ್ರತಿ ಬೇರಿಂಗ್‌ನಲ್ಲೂ ಎರಡು ಭಾಗ. ಹಬ್‌ನೊಳಗೆ ಬಿಗಿಯಾಗಿ ಕೂತ ಉಂಗುರಕ್ಕೆ ಕಪ್ ಅಂತಾರೆ. ರೋಲರ್‌ಗಳನ್ನು ಜಾಲರಿಯಲ್ಲಿ ಹಿಡಿದಿಟ್ಟುಕೊಂಡ, ಕೈಗೆ ಬರುವ ಭಾಗ ಕೋನ್. ರೋಲರ್‌ಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಅದಕ್ಕೇ ಇದಕ್ಕೆ ಟೇಪರ್ ರೋಲರ್ ಬೇರಿಂಗ್ ಎಂದು ಹೆಸರು.

ಈ ಓರೆ ಆಕಾರ ಸುಮ್ಮನೆ ಬಂದದ್ದಲ್ಲ. ಗಾಡಿ ನೆಟ್ಟಗೆ ಹೋಗುವಾಗ ಭಾರ ಮೇಲಿನಿಂದ ಕೆಳಕ್ಕೆ ಬೀಳುತ್ತದೆ. ತಿರುವಿನಲ್ಲಿ, ಹೊಲದ ಬದುವಿನ ಮೇಲೆ ಹಾಯುವಾಗ, ಒಂದು ಗಾಲಿ ತಗ್ಗಿಗೆ ಬಿದ್ದಾಗ ಭಾರ ಪಕ್ಕಕ್ಕೂ ತಳ್ಳುತ್ತದೆ. ಎರಡನ್ನೂ ತಡೆಯುವ ಶಕ್ತಿ ಓರೆ ರೋಲರ್‌ಗೆ ಇದೆ. ಇದಕ್ಕೆ 1898ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಮೂಲತಃ ಕುದುರೆ ಗಾಡಿ ತಯಾರಕ. ಅಂದರೆ ಈ ಬೇರಿಂಗ್‌ನ ಹುಟ್ಟೇ ಗಾಡಿ ಎಳೆಯುವ ಪ್ರಾಣಿಯ ಕಷ್ಟದಿಂದ.

ನಮ್ಮ ಎತ್ತಿನ ಗಾಡಿಯಲ್ಲೂ ಇದೇ ಸಮಸ್ಯೆ ಇತ್ತು, ಅದಕ್ಕೆ ಉತ್ತರವೂ ಇತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿ ಮಾಡಿದ ಕೀಲೆಣ್ಣೆಯನ್ನು ಗಾಡಿಗೇ ತೂಗುಹಾಕಿಕೊಂಡು ಓಡಾಡುತ್ತಿದ್ದ ಕಾಲವನ್ನು ಹಿರಿಯರು ಮರೆತಿರಲಿಕ್ಕಿಲ್ಲ. ಕಡಾಣಿ ತೆಗೆದು, ಗಾಲಿಯನ್ನು ಹೊರಕ್ಕೆ ಸರಿಸಿ, ಅಚ್ಚಿಗೆ ಕೀಲೆಣ್ಣೆ ಸವರಿ ಮತ್ತೆ ಕೂರಿಸುತ್ತಿದ್ದರು. ಗಮನಿಸಿ, ಅವರು ಗಾಲಿ ಸರಿಸಿ ಹಚ್ಚುತ್ತಿದ್ದರು, ಹೊರಗಿನಿಂದ ಸುರಿಯುತ್ತಿರಲಿಲ್ಲ. ಈಗಿನ ಕ್ಯಾಸಲ್ ನಟ್‌ಗೆ ಹಾಕುವ ಸ್ಪ್ಲಿಟ್ ಪಿನ್ ಆ ಕಡಾಣಿಯದೇ ಮರಿ.

ನಿಪ್ಪಲ್‌ಗೆ ಹೊಡೆದ ಗ್ರೀಸ್ ಎಲ್ಲಿಗೆ ಹೋಗುತ್ತದೆ?

ಕೆಲವು ಹಬ್‌ಗಳಿಗೆ ಗ್ರೀಸ್ ನಿಪ್ಪಲ್ ಇರುತ್ತದೆ. ಗನ್ ಹಚ್ಚಿ ಒತ್ತಿದರೆ ಗ್ರೀಸ್ ಎರಡು ಬೇರಿಂಗ್‌ಗಳ ನಡುವಿನ ಖಾಲಿ ಜಾಗಕ್ಕೆ ಹೋಗುತ್ತದೆ. ಆ ಜಾಗ ಪೂರ್ತಿ ತುಂಬುವವರೆಗೆ ರೋಲರ್‌ಗಳ ಸಂದಿಗೆ ಹೊಸ ಗ್ರೀಸ್ ತಲುಪುವ ಖಾತ್ರಿ ಇಲ್ಲ. ತುಂಬಿದ ಮೇಲೂ ಒತ್ತುತ್ತಾ ಹೋದರೆ ಅದು ಹಿಂದಿನ ಆಯಿಲ್ ಸೀಲನ್ನು ತಳ್ಳಿಕೊಂಡು ಹೊರಬರುತ್ತದೆ. ಸೀಲ್ ಕಿತ್ತರೆ ಮಣ್ಣು, ನೀರು ಎರಡಕ್ಕೂ ಬಾಗಿಲು ತೆರೆದಂತೆ. ‘ಗ್ರೀಸ್ ಹೊರಗ ಬಂತು, ಫುಲ್ ಆಗೇತಿ’ ಎಂದು ಖುಷಿಪಡುವ ಹೊತ್ತಿಗೆ ಸೀಲ್ ಹೋಗಿರುವುದೂ ಉಂಟು.

ಹಬ್ ಪೂರ್ತಿ ತುಂಬಿದರೆ ಇನ್ನೊಂದು ತೊಂದರೆ ಇದೆ. ಗಾಲಿ ತಿರುಗುವಾಗ ಅಷ್ಟೂ ಗ್ರೀಸ್ ಕಡೆದಂತೆ ಆಗಿ ಬಿಸಿಯಾಗುತ್ತದೆ, ಬಿಸಿಯಾದದ್ದು ಹಿಗ್ಗಿ ಸೀಲ್ ಮೇಲೆ ಒತ್ತಡ ಹಾಕುತ್ತದೆ. ಬೇರಿಂಗ್ ಒಳಗೆ ಪೂರ್ತಿ ಗ್ರೀಸ್, ನಡುವಿನ ಜಾಗದಲ್ಲಿ ಮೂರರಲ್ಲಿ ಒಂದು ಭಾಗದಿಂದ ಅರ್ಧದವರೆಗೆ: ಇದು ಸಾಮಾನ್ಯ ಅಳತೆ.

ಎಲ್ಲಕ್ಕಿಂತ ಮುಖ್ಯ, ಗನ್‌ನಿಂದ ಹಳೆ ಕೊಳೆ ಹೋಗುವುದಿಲ್ಲ. ಕಳೆದ ಹಂಗಾಮಿನ ಮಣ್ಣು, ಸವೆದ ಕಬ್ಬಿಣದ ಪುಡಿ, ಮಳೆಗಾಲದ ನೀರು ಎಲ್ಲವೂ ಹಳೆ ಗ್ರೀಸ್‌ನಲ್ಲೇ ಕೂತಿರುತ್ತವೆ. ಅದರ ಮೇಲೆ ಹೊಸದನ್ನು ತುಂಬುವುದೆಂದರೆ ಮರಳು ಬಿದ್ದ ಹಿಟ್ಟಿಗೆ ಮತ್ತಷ್ಟು ಹಿಟ್ಟು ಹಾಕಿ ರೊಟ್ಟಿ ಬಡಿದಂತೆ.

ಭಾರದ ಲೆಕ್ಕ

ಟ್ರೇಲರ್ ಗಾಲಿ ಒಂದು ಕಿ.ಮೀ.ಗೆ ಸುಮಾರು 350ರಿಂದ 400 ಸುತ್ತು ಹಾಕುತ್ತದೆ. ಹೊಲದಿಂದ ಕಾರ್ಖಾನೆಗೆ 20 ಕಿ.ಮೀ. ಇದ್ದರೆ ಹೋಗಿಬರುವಷ್ಟರಲ್ಲಿ ಹತ್ತಿರ ಹತ್ತಿರ 15 ಸಾವಿರ ಸುತ್ತು. ಅರ್ಧ ದಾರಿ ಮೈತುಂಬ ಹೇರಿಕೊಂಡು. ಜೋಡಿ ಟ್ರೇಲರ್‌ನಲ್ಲಿ 20 ಟನ್ ದಾಟಿದ ಕಬ್ಬು ಇಲ್ಲಿ ಯಾರ ಕಣ್ಣಿಗೂ ಹೊಸದಲ್ಲ.

ಬೇರಿಂಗ್ ಆಯುಷ್ಯ ಭಾರಕ್ಕೆ ತಕ್ಕಂತೆ ನೇರವಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಜೋರಾಗಿ ಇಳಿಯುತ್ತದೆ. ರೋಲರ್ ಬೇರಿಂಗ್‌ಗಳಿಗೆ ಎಂಜಿನಿಯರ್‌ಗಳು ಬಳಸುವ ಸೂತ್ರದ ಪ್ರಕಾರ, ಬೇರಿಂಗ್ ಮೇಲಿನ ಭಾರ ಶೇ 20ರಷ್ಟು ಹೆಚ್ಚಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಒಂದೂವರೆ ಪಟ್ಟಾದರೆ ಕಾಲು ಭಾಗ. ಎರಡು ಪಟ್ಟಾದರೆ ಹತ್ತರಲ್ಲಿ ಒಂದು ಭಾಗ ಮಾತ್ರ. ‘ಇನ್ನ ಎರಡ ಹೊರೆ ಒಗಿ’ ಎನ್ನುವಾಗ ಈ ಲೆಕ್ಕ ಯಾರ ತಲೆಯಲ್ಲೂ ಇರುವುದಿಲ್ಲ.

ಆದರೂ ಎಲ್ಲ ತಪ್ಪನ್ನೂ ಹೇರಿನ ಮೇಲೆ ಹಾಕುವಂತಿಲ್ಲ. ಈ ಸೂತ್ರ ಹೇಳುವುದು ಒಳ್ಳೆ ಗ್ರೀಸ್ ಇದ್ದು, ಕೊಳೆ ಇಲ್ಲದೆ, ಸರಿಯಾಗಿ ಕೂರಿಸಿದ ಬೇರಿಂಗ್‌ನ ಆಯುಷ್ಯವನ್ನು. ರಸ್ತೆಯಲ್ಲಿ ಸಾಯುವ ಬೇರಿಂಗ್‌ಗಳಲ್ಲಿ ಹೆಚ್ಚಿನವು ಆ ವಯಸ್ಸು ಮುಟ್ಟುವುದೇ ಇಲ್ಲ. ಒಣಗಿ, ತುಕ್ಕು ಹಿಡಿದು, ಮಣ್ಣು ತಿಂದು, ಇಲ್ಲವೇ ನಟ್ ತಪ್ಪಾಗಿ ಕಟ್ಟಿದ್ದರಿಂದ ಅದಕ್ಕೂ ಮುಂಚೆಯೇ ಹೋಗುತ್ತವೆ.

ನೀರು ಹೊಕ್ಕರೆ

ಹಂಗಾಮು ಮುಗಿದ ಮೇಲೆ ಟ್ರೇಲರ್ ಬೇವಿನ ಗಿಡದ ಬುಡಕ್ಕೋ ಹಿತ್ತಲಿಗೋ ಸೇರುತ್ತದೆ. ಇಡೀ ಮಳೆಗಾಲ ಗಾಲಿಯ ಕೆಳಗೆ ಹುಲ್ಲು ಬೆಳೆದಿರುತ್ತದೆ. ನಿಂತಲ್ಲೇ ನಿಂತ ಬೇರಿಂಗ್‌ನಲ್ಲಿ ರೋಲರ್ ಕಪ್‌ಗೆ ತಾಗುವ ಗೆರೆಯಲ್ಲಿ ಗ್ರೀಸ್ ಹಿಂಡಿ ಹೋಗಿರುತ್ತದೆ. ಅಲ್ಲಿ ತೇವ ಸಿಕ್ಕರೆ ಸಣ್ಣ ಸಣ್ಣ ಗೆರೆಯಂತೆ ತುಕ್ಕು ಕೂರುತ್ತದೆ. ಮತ್ತೆ ಗಾಡಿ ಹೊರಡಿಸಿದಾಗ ಪ್ರತಿ ರೋಲರ್ ಆ ಗೆರೆಯ ಮೇಲೆ ಹಾಯ್ದು ಅದನ್ನು ಕುಳಿ ಮಾಡುತ್ತದೆ. ಹಂಗಾಮಿನ ಮೊದಲ ವಾರದಲ್ಲೇ ‘ಗರ್‌ಗರ್’ ಸದ್ದು ಬರುವ ಗಾಲಿಗಳ ಕತೆ ಬಹಳ ಸಲ ಇದೇ.

ಇನ್ನೊಂದು ದಾರಿ ಹಳ್ಳ, ತಗ್ಗು ಸೇತುವೆ, ಕಾಲುವೆ ನೀರು. ಘಟಪ್ರಭಾ, ಕೃಷ್ಣಾ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೂರದಿಂದ ಬಂದು ಬಿಸಿಯಾದ ಹಬ್ ಥಟ್ಟನೆ ನೀರಿಗೆ ಇಳಿದರೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಸೀಲ್ ಸವೆದಿದ್ದರೆ ಆ ಸಂದಿಯಿಂದ ಹಬ್ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಬಿಚ್ಚಿದಾಗ ಗ್ರೀಸ್ ಹಾಲು ಬೆರೆಸಿದಂತೆ ಬೆಳ್ಳಗೆ ಕಂಡರೆ ನೀರು ಹೊಕ್ಕಿದೆ ಎಂದೇ ಅರ್ಥ. ಗಾಲಿ ಹಬ್‌ವರೆಗೆ ಮುಳುಗಿದ್ದರೆ ವರ್ಷ ತುಂಬಲಿ ಎಂದು ಕಾಯದೆ ಆಗಲೇ ಬಿಚ್ಚಬೇಕು. ಗಾಡಿ ತೊಳೆಯುವಾಗ ಜೋರು ನೀರಿನ ಪೈಪನ್ನು ಸೀಲ್ ಕಡೆಗೆ ಹಿಡಿಯುವುದೂ ಒಳ್ಳೆಯದಲ್ಲ.

ಬಿಚ್ಚಿ ಕಟ್ಟುವ ಕ್ರಮ

ಟ್ರೇಲರ್ ಖಾಲಿ ಇರಬೇಕು, ನೆಲ ಸಮತಟ್ಟಾಗಿರಬೇಕು. ಬೇರೆ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಗಾಲಿ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿ, ಆಮೇಲೆ ಎಕ್ಸಲ್ ಕೆಳಗೆ ಜಾಕ್ ಹಚ್ಚಿ. ಎತ್ತಿದ ಮೇಲೆ ಎಕ್ಸಲ್‌ಗೆ ಗಟ್ಟಿ ಮರದ ದಿಮ್ಮಿ ಅಥವಾ ಸ್ಟ್ಯಾಂಡ್ ಕೊಡದೆ ಕೈ ಹಾಕಬೇಡಿ. ಜಾಕ್ ಇರುವುದು ಎತ್ತಲಿಕ್ಕೆ, ಹಿಡಿದು ನಿಲ್ಲಿಸಲಿಕ್ಕೆ ಅಲ್ಲ.

ಬಿಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿ. ಟೈರಿನ ಮೇಲ್ತುದಿ, ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ‘ಕಟ್ ಕಟ್’ ಎಂದು ಆಟ ಗೊತ್ತಾದರೆ ನಟ್ ಸಡಿಲ ಇಲ್ಲವೇ ಬೇರಿಂಗ್ ಸವೆದಿದೆ. ಗಾಲಿಯನ್ನು ಕೈಯಿಂದ ತಿರುಗಿಸಿ, ಒಂದು ಕೈ ಎಕ್ಸಲ್ ಮೇಲೆ ಇಡಿ. ಕೆಟ್ಟ ಬೇರಿಂಗ್‌ನ ಒರಟುತನ ಕಿವಿಗಿಂತ ಮೊದಲು ಕೈಗೆ ತಿಳಿಯುತ್ತದೆ.

ಗಾಲಿ ತೆಗೆದು, ಕ್ಯಾಪ್ ಬಿಚ್ಚಿ, ಸ್ಪ್ಲಿಟ್ ಪಿನ್ ಎಳೆದು, ನಟ್ ಮತ್ತು ವಾಷರ್ ತೆಗೆದರೆ ಹೊರಗಿನ ಬೇರಿಂಗ್ ಕೈಗೆ ಬರುತ್ತದೆ. ಅದು ಮಣ್ಣಿಗೆ ಬೀಳದಂತೆ ಅಂಗೈ ಒಡ್ಡಿಕೊಂಡೇ ಹಬ್ ಎಳೆಯಬೇಕು. ಹಬ್ ಹೊರಬಂದ ಮೇಲೆ ಹಿಂದಿನ ಸೀಲ್ ಕಿತ್ತು ಒಳಗಿನ ಬೇರಿಂಗ್ ತೆಗೆಯಿರಿ. ಕಿತ್ತ ಸೀಲನ್ನು ಮತ್ತೆ ಹಾಕುವ ಚಾಳಿ ಬಿಡಬೇಕು. ಕೀಳುವಾಗಲೇ ಅದು ಸೊಟ್ಟಗಾಗಿರುತ್ತದೆ, ಹೊಸದರ ಬೆಲೆ ಒಂದು ಟ್ರಿಪ್‌ನ ಡೀಸೆಲ್ ಖರ್ಚಿಗೂ ಸಮವಲ್ಲ.

ಪ್ರತಿ ಗಾಲಿಯ ಸಾಮಾನನ್ನು ಬೇರೆ ಬೇರೆ ಬಟ್ಟೆಯ ಮೇಲೆ ಇಡಿ. ಕೋನ್ ತಾನು ಸವೆದ ಕಪ್‌ಗೇ ಹೊಂದಿಕೊಂಡಿರುತ್ತದೆ. ಈ ಗಾಲಿಯದನ್ನು ಆ ಗಾಲಿಗೆ ಹಾಕಿದರೆ ಎರಡೂ ಕೆಡುತ್ತವೆ.

ತೊಳೆಯಲಿಕ್ಕೆ ಡೀಸೆಲ್ ಅಥವಾ ಸೀಮೆಎಣ್ಣೆ ಸಾಕು. ಪೆಟ್ರೋಲ್ ಬೇಡ, ಬೆಂಕಿಯ ಭಯ. ಬ್ರಷ್ ಹಾಕಿ ರೋಲರ್ ಸಂದಿಯ ಕಪ್ಪು ಪೂರ್ತಿ ಬಿಡುವವರೆಗೆ ತಿಕ್ಕಿ, ಶುದ್ಧ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ. ಡೀಸೆಲ್ ಪಸೆ ಉಳಿದರೆ ಹೊಸ ಗ್ರೀಸ್ ನಿಲ್ಲುವುದಿಲ್ಲ. ಗ್ಯಾರೇಜ್ ಹುಡುಗರಿಗೆ ಕಂಪ್ರೆಸರ್ ಗಾಳಿ ಹಿಡಿದು ಬೇರಿಂಗನ್ನು ‘ಝುಂಯ್’ ಎಂದು ತಿರುಗಿಸುವುದು ಒಂದು ಆಟ. ಈ ಆಟ ಅಪಾಯದ್ದು. ಗ್ರೀಸ್ ಇಲ್ಲದ ಬೇರಿಂಗ್ ಆ ವೇಗಕ್ಕೆ ಹಾಳಾಗುತ್ತದೆ, ಜಾಲರಿ ಬಿಟ್ಟರೆ ರೋಲರ್ ಗುಂಡಿನಂತೆ ಹಾರಿ ಕಣ್ಣಿಗೆ ಬೀಳಬಹುದು.

ತೊಳೆದ ಮೇಲೆ ನೋಡುವುದೇ ಇಡೀ ಕೆಲಸದ ಜೀವ. ರೋಲರ್ ಮತ್ತು ಕಪ್‌ನ ಒಳಮೈ ಕನ್ನಡಿಯಂತೆ ಇರಬೇಕು. ಬೆರಳಿನ ಉಗುರು ಎಳೆದಾಗ ತಗ್ಗು ಸಿಕ್ಕರೆ, ಮೇಲ್ಮೈ ಚಕ್ಕೆ ಎದ್ದಿದ್ದರೆ, ತುಕ್ಕಿನ ಗೆರೆ ಇದ್ದರೆ, ನೀಲಿ ಇಲ್ಲವೇ ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನು ಮತ್ತೆ ಹಾಕಬೇಡಿ. ನೀಲಿ ಬಣ್ಣ ಎಂದರೆ ಒಮ್ಮೆ ವಿಪರೀತ ಕಾದಿದೆ, ಉಕ್ಕಿನ ಹದ ಹೋಗಿದೆ. ಬದಲಿಸುವಾಗ ಕಪ್ ಮತ್ತು ಕೋನ್ ಎರಡನ್ನೂ ಬದಲಿಸಬೇಕು. ‘ಕಪ್ ಚಲೋ ಐತ್ರಿ, ಇರಲಿ’ ಎನ್ನುವ ಉಳಿತಾಯ ಹೊಸ ಕೋನನ್ನು ತಿಂದುಹಾಕುತ್ತದೆ.

ಹಳೆ ಕಪ್ಪನ್ನು ಹಿಂದಿನಿಂದ ಪಂಚ್ ಇಟ್ಟು ಸುತ್ತಲೂ ಸ್ವಲ್ಪ ಸ್ವಲ್ಪ ಬಡಿದು ತೆಗೆಯಬೇಕು, ಒಂದೇ ಕಡೆ ಬಡಿದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಹೊಸದನ್ನು ಕೂರಿಸುವಾಗ ಸುತ್ತಿಗೆ ಏಟು ನೇರ ಬೀಳಬಾರದು. ಹಿತ್ತಾಳೆ ರಾಡ್ ಇದ್ದರೆ ಸರಿ. ತಳ ಮುಟ್ಟಿದಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ. ಹಬ್‌ನೊಳಗೆ ಕಪ್ ಸಡಿಲಾಗಿ ತಿರುಗುತ್ತಿದ್ದರೆ ಮಾತ್ರ ಅದು ಗ್ರೀಸ್‌ನಿಂದ ಸರಿಹೋಗುವ ರೋಗವಲ್ಲ. ತಗಡಿನ ತುಂಡು ಸೇರಿಸುವುದು, ಪಂಚ್‌ನಿಂದ ಚುಕ್ಕೆ ಹೊಡೆದು ಬಿಗಿ ಮಾಡುವುದು, ವೆಲ್ಡಿಂಗ್ ಹನಿ ಬಿಡುವುದು ಎಲ್ಲವೂ ನಡೆಯುತ್ತವೆ. ಇವೆಲ್ಲ ಕೆಲವು ಟ್ರಿಪ್‌ನ ಮಾತು. ಲೇಥ್‌ನಲ್ಲಿ ಬುಷ್ ಹಾಕಿಸಬೇಕು, ಇಲ್ಲವೇ ಹಬ್ ಬದಲಿಸಬೇಕು.

ಗ್ರೀಸ್ ತುಂಬುವುದಕ್ಕೆ ಅಂಗೈಗಿಂತ ಒಳ್ಳೆ ಸಾಧನ ಇಲ್ಲ. ಎಡಗೈಯಲ್ಲಿ ಲಿಂಬೆಹಣ್ಣಿನಷ್ಟು ಗ್ರೀಸ್ ಇಟ್ಟುಕೊಂಡು, ಬಲಗೈಯಲ್ಲಿ ಬೇರಿಂಗ್ ಹಿಡಿದು, ಅದರ ಅಗಲ ಬದಿಯ ಅಂಚನ್ನು ಗ್ರೀಸ್‌ಗೆ ಒತ್ತುತ್ತಾ ಎಳೆಯಬೇಕು. ರೋಲರ್‌ಗಳ ನಡುವಿನಿಂದ ಹಾಯ್ದು ಮೇಲಿನ ಬದಿಯಲ್ಲಿ ಗ್ರೀಸ್ ಎಳೆ ಎಳೆಯಾಗಿ ಬರುವವರೆಗೂ ಒತ್ತಿ, ಆಮೇಲೆ ಸ್ವಲ್ಪ ತಿರುಗಿಸಿ, ಮತ್ತೆ ಒತ್ತಿ. ಹೀಗೆ ಒಂದು ಪೂರ್ತಿ ಸುತ್ತು. ಕೊನೆಗೆ ರೋಲರ್‌ಗಳ ಹೊರಮೈಗೆ, ಕಪ್‌ಗಳ ಒಳಮೈಗೆ ಸವರಿ. ಮೇಲೆ ಮೇಲೆ ಬಳಿದು ಹಾಕಿದ ಬೇರಿಂಗ್ ನೋಡಲಿಕ್ಕೆ ತುಂಬಿದಂತೆ ಕಾಣುತ್ತದೆ, ಒಳಗೆ ಒಣಗಿಯೇ ಇರುತ್ತದೆ.

ಒಳಗಿನ ಬೇರಿಂಗ್ ಕೂರಿಸಿ ಹೊಸ ಸೀಲ್ ಬಡಿಯುವಾಗ ಸ್ಪ್ರಿಂಗ್ ಇರುವ ತುಟಿ ಬೇರಿಂಗ್ ಕಡೆಗೆ ಇರಬೇಕು. ಆ ತುಟಿಗೂ ಸ್ವಲ್ಪ ಗ್ರೀಸ್ ಹಚ್ಚಿ, ಒಣ ತುಟಿ ಮೊದಲ ಓಟದಲ್ಲೇ ಸುಟ್ಟುಹೋಗುತ್ತದೆ. ಎಕ್ಸಲ್ ಮೇಲೆ ಸೀಲ್ ಕೂರುವ ಜಾಗವನ್ನೂ ನೋಡಿ. ಅಲ್ಲಿ ಉಂಗುರದಂತೆ ತಗ್ಗು ಬಿದ್ದಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಸೋರುತ್ತದೆ.

ನಟ್ ಎಷ್ಟು ಬಿಗಿ?

ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಬಿಗಿ ಮಾಡಿದಷ್ಟೂ ಗಾಲಿ ಗಟ್ಟಿ ಎಂಬ ನಂಬಿಕೆ ಇದೆ. ರಿಮ್ಮನ್ನು ಹಬ್‌ಗೆ ಹಿಡಿಯುವ ನಟ್‌ಗಳಿಗೆ ಅದು ನಿಜ, ಎಕ್ಸಲ್ ತುದಿಯ ಕ್ಯಾಸಲ್ ನಟ್‌ಗೆ ಅಲ್ಲ. ಬಿಗಿಯಾದರೆ ರೋಲರ್ ಕಪ್‌ಗೆ ಒತ್ತಿಕೊಂಡು, ಗ್ರೀಸ್‌ನ ಪದರ ಹರಿದು, ಕೆಲವೇ ಕಿ.ಮೀ.ನಲ್ಲಿ ಕಾಯುತ್ತದೆ. ಸಡಿಲಾದರೆ ಗಾಲಿ ಓಲಾಡಿ ರೋಲರ್‌ನ ಒಂದು ತುದಿಯ ಮೇಲೇ ಭಾರ ಬೀಳುತ್ತದೆ, ಸೀಲ್ ಕೆಡುತ್ತದೆ.

ಸರಿಯಾದ ರೀತಿ ಇದು. ಹಬ್ಬನ್ನು ಒಂದು ಕೈಯಲ್ಲಿ ತಿರುಗಿಸುತ್ತಲೇ ಪಾನಾದಿಂದ ನಟ್ ಬಿಗಿ ಮಾಡಿ. ತಿರುಗಲು ಭಾರ ಎನಿಸಿದಾಗ ನಿಲ್ಲಿಸಿ. ಇದು ಬೇರಿಂಗ್‌ಗಳು ತಮ್ಮ ಜಾಗದಲ್ಲಿ ಕೂರಲಿ ಎಂದು. ಈಗ ಹಬ್ ತಿರುಗಿಸದೆ ನಟ್ಟನ್ನು ಪೂರ್ತಿ ಸಡಿಲ ಮಾಡಿ, ಪಾನಾ ಬದಿಗಿಟ್ಟು ಬೆರಳಿನಿಂದಲೇ ಎಷ್ಟಾಗುತ್ತದೋ ಅಷ್ಟು ತಿರುಗಿಸಿ. ಪಿನ್‌ನ ತೂತಿಗೆ ನಟ್‌ನ ಸೀಳು ಕೂಡದಿದ್ದರೆ ಮುಂದಕ್ಕೆ ಬಿಗಿ ಮಾಡಬೇಡಿ, ಹಿಂದಿನ ಸೀಳಿಗೆ ಸಡಿಲಿಸಿ. ಹೊಸ ಸ್ಪ್ಲಿಟ್ ಪಿನ್ ಹಾಕಿ ಎರಡೂ ಕಾಲು ಮಡಚಿ. ಹಬ್ ಬೆರಳಿನ ತಳ್ಳಿಗೆ ಸಲೀಸಾಗಿ ತಿರುಗಬೇಕು. ಹಿಂದೆ ಮುಂದೆ ಎಳೆದರೆ ಹೆಚ್ಚೆಂದರೆ ಒಂದು ಹಾಳೆ ಕಾಗದದ ದಪ್ಪದಷ್ಟು ಆಟ ಇರಬಹುದು. ಸ್ಪ್ಲಿಟ್ ಪಿನ್ ಬದಲು ತಂತಿ, ಮೊಳೆ ಹಾಕುವವರಿದ್ದಾರೆ. ಇಡೀ ಗಾಲಿ ಎಕ್ಸಲ್ ಮೇಲೆ ನಿಂತಿರುವುದು ಆ ಪಿನ್‌ನ ಭರವಸೆಯಿಂದ ಎಂದು ಎತ್ತಿನ ಗಾಡಿ ಹೊಡೆದವರಿಗೆ ಗೊತ್ತಿತ್ತು.

ಯಾವ ಗ್ರೀಸ್?

ಅಂಗಡಿಯಲ್ಲಿ ಬರೀ ‘ಗ್ರೀಸ್ ಕೊಡ್ರಿ’ ಎಂದರೆ ಯಾವುದೋ ಒಂದು ಡಬ್ಬಿ ಸಿಗುತ್ತದೆ. ಹಳೆ ಮಾದರಿಯ ಕ್ಯಾಲ್ಸಿಯಂ ಸೋಪಿನ ಚಾಸಿ ಗ್ರೀಸ್ ನೀರಿಗೆ ಚೆನ್ನಾಗಿ ತಡೆಯುತ್ತದೆ, ಆದರೆ 100 ಡಿಗ್ರಿ ಆಸುಪಾಸಿನಲ್ಲೇ ಕರಗಿ ಸುರಿಯುತ್ತದೆ. ಪಟ್ಟಿ, ಕೊಂಡಿ, ಪಿನ್‌ಗಳಿಗೆ ಅದು ಸಾಕು. ಗಾಲಿ ಬೇರಿಂಗ್‌ಗೆ ಲಿಥಿಯಂ ಸೋಪಿನ ಗ್ರೀಸ್ ಬೇಕು, ಅದು ಸುಮಾರು 180 ಡಿಗ್ರಿಯವರೆಗೆ ಕರಗುವುದಿಲ್ಲ. ಡಬ್ಬಿಯ ಮೇಲೆ ವೀಲ್ ಬೇರಿಂಗ್‌ಗೆ ಎಂದು ಬರೆದಿದೆಯೇ ನೋಡಿ. ಗಟ್ಟಿತನದ ನಂಬರ್ 2 ಅಥವಾ 3 ಇರುತ್ತದೆ, ನಮ್ಮ ಕಡೆಯ ಬಿಸಿಲಿಗೆ ಎರಡೂ ನಡೆಯುತ್ತವೆ.

ಕೆಂಪು ಗ್ರೀಸ್ ಶ್ರೇಷ್ಠ, ನೀಲಿ ಇನ್ನೂ ಶ್ರೇಷ್ಠ ಎಂಬ ವಾದಕ್ಕೆ ಅರ್ಥವಿಲ್ಲ. ಅದು ಕಂಪನಿ ಹಾಕಿದ ಬಣ್ಣ ಅಷ್ಟೇ. ಆದರೆ ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸುವುದು ಮಾತ್ರ ನಿಜವಾದ ತಪ್ಪು. ಕೆಲವು ಕೂಡಿದರೆ ತೆಳ್ಳಗಾಗಿ ಸೋರಿಹೋಗುತ್ತವೆ. ಅದಕ್ಕೇ ಹಳೆಯದನ್ನು ಪೂರ್ತಿ ತೊಳೆಯಬೇಕು ಎನ್ನುವುದು. ತೆರೆದಿಟ್ಟ ಡಬ್ಬಿಗೆ ಬಿದ್ದ ಧೂಳೂ ಬೇರಿಂಗ್‌ಗೇ ಹೋಗುತ್ತದೆ, ಮುಚ್ಚಳ ಹಾಕಿಡಿ.

ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗೆ, ಹೊರದೇಶಗಳಲ್ಲಿ ಕಾರಿನ ಹಿಂದೆ ಎಳೆದುಕೊಂಡು ಪ್ರವಾಸ ಹೋಗುವ ಟ್ರೇಲರ್ ಮನೆಗಳಿಗೆ ಸಾಮಾನ್ಯವಾಗಿ ಹೇಳುವ ಅಳತೆ ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೊಮ್ಮೆ, ಯಾವುದು ಮೊದಲೋ ಅದು. ಅವು ಡಾಂಬರ್ ರಸ್ತೆಯಲ್ಲಿ ಹಗುರ ಭಾರಕ್ಕೆ ಓಡುವಂಥವು. ಕಬ್ಬಿನ ಹೊಲದ ಕೆಸರು, ಧೂಳು, ಹೇರು ನೋಡಿದರೆ ನಮ್ಮ ಟ್ರೇಲರ್‌ಗೆ ಹಂಗಾಮಿನ ಮುಂಚೆ ಒಮ್ಮೆ ಪೂರ್ತಿ ಕೆಲಸ, ನಡುವೆ ಒಂದು ಸಲ ಆಟ ಮತ್ತು ಸೋರಿಕೆಯ ಪರೀಕ್ಷೆ ಬೇಕೇ ಬೇಕು.

ರಸ್ತೆಯಲ್ಲಿ ಗೊತ್ತಾಗೋದು ಹೇಗೆ?

ಕೆಡುವ ಬೇರಿಂಗ್ ಮೊದಲು ಸದ್ದು ಮಾಡುತ್ತದೆ. ತೊಂದರೆ ಏನೆಂದರೆ ಡ್ರೈವರ್‌ಗೆ ಆ ಸದ್ದು ಕೇಳುವುದೇ ಇಲ್ಲ. ಎರಡನೇ ಟ್ರೇಲರ್‌ನ ಹಿಂದಿನ ಗಾಲಿ ಅವನಿಂದ ಬಹಳ ದೂರ, ನಡುವೆ ಎಂಜಿನ್ ಸದ್ದು, ಮೇಲೆ ಸೌಂಡ್ ಬಾಕ್ಸ್. ಹಾಡು ಹಚ್ಚಬೇಡಿ ಎಂದರೆ ಯಾರೂ ಕೇಳಲಿಕ್ಕಿಲ್ಲ. ಕನಿಷ್ಠ ಹೊಲದಿಂದ ಹೊರಟು ಮೊದಲ ಎರಡು ಕಿ.ಮೀ. ಬಂದ್ ಮಾಡಿ ಓಡಿಸಿದರೆ ಗಾಲಿ ಏನು ಹೇಳುತ್ತದೆ ಎಂದು ತಿಳಿಯುತ್ತದೆ.

ಎರಡನೆಯದು ಕಾವು. ಕಾರ್ಖಾನೆಯ ಪಾಳಿಯಲ್ಲಿ ಗಾಡಿ ನಿಲ್ಲಿಸಿದ ತಕ್ಷಣ, ಚಹಾಕ್ಕೆ ಹೋಗುವ ಮುಂಚೆ, ಪ್ರತಿ ಹಬ್‌ಗೆ ಮುಂಗೈಯ ಹಿಂಬದಿ ತಾಗಿಸಿ ನೋಡಿ. ಎಲ್ಲವೂ ಒಂದೇ ಸಮ ಬೆಚ್ಚಗಿದ್ದರೆ ಚಿಂತೆ ಇಲ್ಲ. ಒಂದು ಮಾತ್ರ ಉಳಿದವುಗಳಿಗಿಂತ ಜೋರು ಬಿಸಿ ಇದ್ದರೆ, ಕೈ ಇಡಲಾಗದಿದ್ದರೆ ಆ ಗಾಲಿಯನ್ನು ಖಾಲಿಯಾದ ಕೂಡಲೇ ಬಿಚ್ಚಬೇಕು. ದೂರದಿಂದ ಕಾವು ಅಳೆಯುವ ಗನ್ ಥರ್ಮಾಮೀಟರ್ ಇದ್ದರೆ ಇನ್ನೂ ಸುಲಭ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದದ್ದು ಇದಕ್ಕೆ ಆಗುವುದಿಲ್ಲ, ಅದು ಮೈಯ ಜ್ವರದಷ್ಟೇ ಅಳೆಯುತ್ತದೆ. ರಿಮ್‌ನ ಒಳಬದಿಯಲ್ಲಿ ಗ್ರೀಸ್ ಚಿಮ್ಮಿದ ಕಲೆ ಕಂಡರೆ ಸೀಲ್ ಹೋಗಿದೆ. ಒಂದೇ ಟೈರ್ ಓರೆಯಾಗಿ ಸವೆಯುತ್ತಿದ್ದರೂ ಆ ಗಾಲಿಯ ಬೇರಿಂಗ್ ಮೇಲೆ ಅನುಮಾನ ಪಡಬಹುದು.

ಹೊಗೆ ಬರುವಷ್ಟು ಕಾದ ಹಬ್ ಮೇಲೆ ನೀರು ಸುರಿಯಬೇಡಿ. ಥಟ್ಟನೆ ತಣಿದರೆ ಲೋಹ ಬಿರುಕು ಬಿಡಬಹುದು, ನೀರೂ ಒಳಹೋಗುತ್ತದೆ. ‘ಇನ್ನ ನಾಕ ಕಿಲೋಮೀಟರ್ ಐತಿ, ಹೆಂಗರ ಮುಟ್ಟಸೋಣ’ ಎಂದು ಎಳೆಯುವುದೇ ಗಾಲಿ ಕಳಚುವ ಘಳಿಗೆ. ಕಾದು ಅಂಟಿಕೊಂಡ ಬೇರಿಂಗ್ ಎಕ್ಸಲ್ ತುದಿಯನ್ನೇ ತಿರುಚಿ ತುಂಡು ಮಾಡಬಲ್ಲದು. ಕಳಚಿದ ಗಾಲಿ ಎದುರಿನ ಬೈಕಿಗೋ, ಮನೆ ಅಂಗಳಕ್ಕೋ ಹೋಗುತ್ತದೆ.

ಕೆಟ್ಟು ನಿಂತರೆ ಸಾಧ್ಯವಾದಷ್ಟು ಡಾಂಬರಿನಿಂದ ಕೆಳಗೆ ಇಳಿಸಿ. ಹಿಂದೆ ಸಾಕಷ್ಟು ದೂರದಲ್ಲಿ ಮಿನುಗುವ ತ್ರಿಕೋನ ಇಡಿ. ಹಂಗಾಮಿನ ಶುರುವಿನಲ್ಲಿ ಹಲವು ಕಡೆ ಪೊಲೀಸರೇ ಟ್ರೇಲರ್‌ಗಳಿಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸುತ್ತಾರೆ, ಆದರೆ ಕಬ್ಬಿನ ಸೋಗೆ ಇಳಿಬಿದ್ದು ಪಟ್ಟಿ ಮುಚ್ಚಿದರೆ ಅದು ಇದ್ದೂ ಇಲ್ಲದಂತೆ. ಗಾಡಿ ಸುತ್ತ ಕಲ್ಲಿಡುವ ರೂಢಿ ಇದೆ. ರಾತ್ರಿ ಬೈಕ್ ಸವಾರನಿಗೆ ಆ ಕಲ್ಲು ಕಾಣುವುದಿಲ್ಲ. ರಿಪೇರಿ ಮುಗಿಸಿ ಹೋಗುವಾಗ ಅವನ್ನು ಅಲ್ಲೇ ಬಿಟ್ಟುಹೋಗುವುದಂತೂ ಕೊಲೆಗೆ ಸಮ.

ರೈತನ ಲುಕ್ಸಾನೂ ಇಲ್ಲಿದೆ. ಕಡಿದ ಕಬ್ಬು ಗಂಟೆ ಗಂಟೆಗೆ ಒಣಗುತ್ತದೆ, ಕಾರ್ಖಾನೆಯ ಕಾಟಾದಲ್ಲಿ ಬರುವ ತೂಕಕ್ಕೇ ದುಡ್ಡು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ ಶೇ 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. 20 ಟನ್ ಹೇರು ದಾರಿಯಲ್ಲಿ ನಿಂತು ಶೇ 1ರಷ್ಟು ಒಣಗಿದರೂ 2 ಕ್ವಿಂಟಲ್ ಹೋಯಿತು. ಬೇರಿಂಗ್ ಯಾರದೋ, ಕಬ್ಬು ಇನ್ಯಾರದೋ. ಟ್ರೇಲರ್ ಗೊತ್ತು ಮಾಡುವಾಗ ಗಾಲಿ ಕೆಲಸ ಆಗಿದೆಯೇ ಎಂದು ಕೇಳುವ ಹಕ್ಕು ಹೊಲದವರಿಗೂ ಇದೆ.

ಕೊಳ್ಳುವಾಗ

ಬೇರಿಂಗ್ ತರಲು ಹೋಗುವಾಗ ಹಳೆ ಕಪ್ ಮತ್ತು ಕೋನ್ ಮೇಲೆ ಕೊರೆದ ನಂಬರ್ ಎರಡನ್ನೂ ಬರೆದುಕೊಳ್ಳಿ, ಸಾಧ್ಯವಾದರೆ ಹಳೆಯದನ್ನೇ ಒಯ್ಯಿರಿ. ಸೀಲ್ ಮೇಲೂ ಒಳ ಅಳತೆ, ಹೊರ ಅಳತೆ, ದಪ್ಪ ಬರೆದಿರುತ್ತದೆ. ಹೆಸರಾಂತ ಕಂಪನಿಯ ಡಬ್ಬಿಯಲ್ಲಿ ನಕಲಿ ಮಾಲು ಬರುವುದು ಈ ವ್ಯಾಪಾರದ ಹಳೆ ರೋಗ. ಬಿಲ್ ಕೊಡುವ ಅಂಗಡಿಯಲ್ಲೇ ತನ್ನಿ. ಡಬ್ಬಿಯ ಮೇಲಿನ ನಂಬರ್, ಉಕ್ಕಿನ ಮೇಲಿನ ನಂಬರ್ ಒಂದೇ ಇದೆಯೇ ನೋಡಿ. ಹಾಕುವ ಕ್ಷಣದವರೆಗೂ ಕಾಗದ ಬಿಚ್ಚಬೇಡಿ. ಒಂದು ಜೊತೆ ಬೇರಿಂಗ್, ಎರಡು ಸೀಲ್, ನಾಲ್ಕು ಸ್ಪ್ಲಿಟ್ ಪಿನ್ ಟ್ರ್ಯಾಕ್ಟರ್‌ನ ಡಬ್ಬಿಯಲ್ಲಿ ಇದ್ದರೆ ನಡುರಾತ್ರಿ ಪ್ಯಾಟಿ ಅಂಗಡಿಯವರನ್ನು ಎಬ್ಬಿಸುವುದು ತಪ್ಪುತ್ತದೆ.

ಹೊಸ ಬೇರಿಂಗ್ ಹಾಕಿದ ಮೇಲೆ ಮೊದಲ ಹೇರಿನಲ್ಲಿ 10-15 ಕಿ.ಮೀ. ಹೋಗಿ ನಿಲ್ಲಿಸಿ ಹಬ್ ಮುಟ್ಟಿ ನೋಡಿ, ರಿಮ್ ನಟ್‌ಗಳಿಗೆ ಮತ್ತೊಮ್ಮೆ ಪಾನಾ ಹಚ್ಚಿ. ಎರಡು ಮೂರು ಟ್ರಿಪ್ ಆದ ಮೇಲೆ ಗಾಲಿ ಎತ್ತಿ ಆಟ ಪರೀಕ್ಷಿಸಿ, ಹೊಸ ಕಪ್ ಪೂರ್ತಿ ಕೂತ ಮೇಲೆ ನಟ್ ತುಸು ಸಡಿಲಾಗುವುದು ಸಹಜ. ಯಾವ ಗಾಲಿಗೆ ಯಾವ ತಾರೀಖಿಗೆ ಏನು ಹಾಕಿದ್ದು ಎಂದು ಚಾಸಿಯ ಮೇಲೆ ಬಣ್ಣದಲ್ಲಿ ಬರೆದಿಟ್ಟರೆ ಮುಂದಿನ ವರ್ಷ ಜಗಳ ಇಲ್ಲ. ಹೇಗೂ ಬಣ್ಣದ ಡಬ್ಬಿ ಅಲ್ಲೇ ಇರುತ್ತದೆ.

ಹಂಗಾಮು ಮುಗಿದು ನಿಲ್ಲಿಸುವಾಗ ಟ್ರೇಲರ್ ಖಾಲಿ ಇರಲಿ, ಗಾಲಿಗಳ ಕೆಳಗೆ ಹಲಗೆಯೋ ಕಲ್ಲೋ ಇರಲಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಒಂದೆರಡು ಮಾರು ಮುಂದಕ್ಕೆ ಎಳೆದು ನಿಲ್ಲಿಸಿದರೆ ರೋಲರ್‌ಗಳು ಜಾಗ ಬದಲಿಸಿ ಗ್ರೀಸ್ ಮತ್ತೆ ಹರಡಿಕೊಳ್ಳುತ್ತದೆ. ಕಳೆದುಹೋದ ಹಬ್ ಕ್ಯಾಪ್‌ಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಬಿಟ್ಟಿದ್ದರೆ ಅದನ್ನು ತೆಗೆದು ಹೊಸ ಕ್ಯಾಪ್ ಬಡಿಯಿರಿ. ಆ ಚೀಲದೊಳಗೆ ನಿಂತ ನೀರು ಸೀದಾ ಹೊರಗಿನ ಬೇರಿಂಗ್‌ಗೆ ಇಳಿಯುತ್ತದೆ.